ತಿಳಿವಳಿಕೆ ತಟ್ಟೆಗಿಳಿಯುವ ದಾರಿ

ಮಳೆಗಾಲ ಹಿಡಿದುಕೊಂಡ ಮೇಲೆ ಕೊಡಗಿನ ಕಾಡಂಚಿನ ತೋಟಗಳಲ್ಲಿ ಉಪ್ಪಾಗೆ ಹಣ್ಣು ಉದುರಲು ಶುರುವಾಗುತ್ತದೆ. ಪುಟ್ಟ ಕುಂಬಳಕಾಯಿಯಂತೆ ಏಣುಗಳಿರುವ, ಹಳದಿ ಬಣ್ಣದ, ಬಾಯಿಗಿಟ್ಟರೆ ಹಲ್ಲು ಚಳಿತುಹೋಗುವಷ್ಟು ಹುಳಿಯಾದ ಹಣ್ಣು. ಅದನ್ನು ಆರಿಸಿ ತಂದು ಬುಟ್ಟಿಯಲ್ಲಿ ಪೇರಿಸಿ, ಅಡಿಯಲ್ಲೊಂದು ಪಾತ್ರೆ ಇಡುತ್ತಾರೆ. ಹಣ್ಣು ಮೆತ್ತಗಾಗುತ್ತ ಹೋದಂತೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ ಬತ್ತಿಸಿದರೆ ಕೊನೆಗೆ ಉಳಿಯುವ ಕಪ್ಪು, ಮಂದ ದ್ರವವೇ ಕಾಚಂಪುಳಿ. ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಇಳಿಸುವ ಹೊತ್ತಿಗೆ ಒಂದೆರಡು ಚಮಚ ಬಿದ್ದರೆ ಸಾಕು, ಬಣ್ಣ ಗಾಢವಾಗುತ್ತದೆ, ಮಾಂಸದ ಜಿಡ್ಡಿಗೆ ಹುಳಿಯ ಕಡಿವಾಣ ಬೀಳುತ್ತದೆ. ಸೀಸೆಯಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಈ ಹುಳಿಗೆ ಇನ್ನೊಂದು ಚರಿತ್ರೆಯೂ ಇದೆ, ಅದು ಶುರುವಾಗುವುದು ಪಕ್ಕದ ಮೈಸೂರಿನಲ್ಲಿ. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಈ ಹಣ್ಣಿನ ಮುಖ್ಯ ಆಮ್ಲ ಯಾವುದೆಂದು ಗುರುತಿಸಿದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ದೇಹದಲ್ಲಿ ಸಕ್ಕರೆಯಂಶ ಕೊಬ್ಬಾಗಿ ಬದಲಾಗುವ ಸರಪಳಿಯಲ್ಲಿ ಒಂದು ಕಿಣ್ವವನ್ನು ಇದು ತಡೆಯುತ್ತದೆ ಎಂಬುದು ಆಮೇಲೆ ಪ್ರಯೋಗಾಲಯಗಳಲ್ಲಿ ತಿಳಿದುಬಂತು. ಅಷ್ಟು ಸಾಕಾಯಿತು. 1990ರ ದಶಕಕ್ಕೆ ಉಪ್ಪಾಗೆ ‘ಗಾರ್ಸೀನಿಯಾ’ ಎಂಬ ಹೆಸರು ಹೊತ್ತು, ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ಅಮೆರಿಕದ ಅಂಗಡಿ ಸೇರಿತು. ಉತ್ತರ ಕನ್ನಡದ ಶಿರಸಿ ಸುತ್ತಿನ ಕಾಡುಗಳಲ್ಲಿ ಉಪ್ಪಾಗೆ ಸಿಪ್ಪೆಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿ, ಸಿಪ್ಪೆ ಒಣಗಿಸಲು ಕಾಡಿನ ಸೌದೆಯೇ ಉರಿಯಿತು.

1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. 135 ಮಂದಿ ದಪ್ಪ ಮೈಯವರನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ಕಡಿಮೆ ಕ್ಯಾಲೊರಿಯ ಊಟ ಹೇಳಿ, ಒಂದು ಗುಂಪಿಗೆ ಈ ಆಮ್ಲವನ್ನೂ ಇನ್ನೊಂದಕ್ಕೆ ಹುಸಿ ಮಾತ್ರೆಯನ್ನೂ 12 ವಾರ ಕೊಟ್ಟಿದ್ದರು. ಎರಡೂ ಗುಂಪಿನವರ ತೂಕ ಸ್ವಲ್ಪ ಇಳಿಯಿತು, ಆಮ್ಲ ತಿಂದವರದ್ದು ಹೆಚ್ಚೇನೂ ಇಳಿಯಲಿಲ್ಲ. ಕ್ಯಾಪ್ಸೂಲಿನ ಮಾರಾಟ ಮಾತ್ರ ನಿಲ್ಲಲಿಲ್ಲ. ಇಂಥ ಪೂರಕಗಳನ್ನು ನುಂಗಿದ ಕೆಲವರ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ಮುಂದೆ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾದವು.

ಕೊಡಗಿನ ಇನ್ನೊಂದು ಬೆಳೆಯ ಪಾಡೂ ಇದೇ. ಹುರಿಯದ ಕಾಫಿ ಬೀಜದ ಸಾರ ತೂಕ ಇಳಿಸುತ್ತದೆ ಎಂದು 2012ರಲ್ಲಿ ಪ್ರಬಂಧವೊಂದು ಹೊರಬಂತು. ಭಾರತದಲ್ಲಿ ಬರೀ 16 ಜನರ ಮೇಲೆ ನಡೆಸಿದ ಪ್ರಯೋಗವದು. ಅಮೆರಿಕದ ಟಿ.ವಿ. ಕಾರ್ಯಕ್ರಮಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಪ್ರಯೋಗದ ದತ್ತಾಂಶವನ್ನು ತಿದ್ದಲಾಗಿದೆ ಎಂದು ಅಲ್ಲಿನ ವ್ಯಾಪಾರ ಆಯೋಗ ಆರೋಪಿಸಿತು, 2014ರಲ್ಲಿ ಆ ಪ್ರಬಂಧವನ್ನೇ ಹಿಂತೆಗೆದುಕೊಳ್ಳಲಾಯಿತು. ‘ಗ್ರೀನ್ ಕಾಫಿ’ ಪೊಟ್ಟಣ ಇವತ್ತಿಗೂ ಬೆಂಗಳೂರಿನ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವವರೆಲ್ಲ ಓದಿದವರೇ.

ನಗರದ ಮನುಷ್ಯನಿಗೆ ಪೋಷಣೆಯ ವಿಷಯ ಗೊತ್ತಿಲ್ಲ, ಗೊತ್ತಾದರೆ ಸರಿಯಾಗಿ ತಿನ್ನುತ್ತಾನೆ ಎಂಬ ನಂಬಿಕೆಯ ಮೇಲೆ ಎಷ್ಟೋ ಭಿತ್ತಿಪತ್ರ, ಭಾಷಣ, ಸಪ್ತಾಹ ನಡೆಯುತ್ತವೆ. ಆ ನಂಬಿಕೆಯನ್ನು ಒರೆಗೆ ಹಚ್ಚಿ ನೋಡುವುದು ಈ ಅಧ್ಯಾಯದ ಕೆಲಸ.

ಇಂಗ್ಲೆಂಡಿನಲ್ಲಿ ಜೇನ್ ವಾರ್ಡಲ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಮಂದಿಗೆ ಪೋಷಣೆಯ ಪ್ರಶ್ನೆಪತ್ರಿಕೆ ಕೊಟ್ಟು, ಅವರು ತಿನ್ನುವುದನ್ನೂ ಅಳೆದು 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಅಂಕ ಪಡೆದ ಐದನೇ ಒಂದು ಭಾಗದವರು, ತೀರ ಕಡಿಮೆ ಅಂಕ ಪಡೆದ ಐದನೇ ಒಂದು ಭಾಗದವರಿಗಿಂತ ಹಣ್ಣು, ತರಕಾರಿ, ಕೊಬ್ಬಿನ ಶಿಫಾರಸುಗಳನ್ನು ಪಾಲಿಸುವ ಸಾಧ್ಯತೆ ಸುಮಾರು 25 ಪಟ್ಟು ಹೆಚ್ಚಿತ್ತು. ಇದಿಷ್ಟನ್ನೇ ಓದಿದವರು ತಿಳಿವಳಿಕೆಯೇ ಸರ್ವಸ್ವ ಎಂದುಕೊಂಡಾರು. ಆದರೆ 2014ರಲ್ಲಿ ಇಂಥ 29 ಅಧ್ಯಯನಗಳನ್ನು ಒಟ್ಟಿಗೆ ಹರವಿಕೊಂಡು ನೋಡಿದ ವಿಮರ್ಶೆಯೊಂದು ಬಂತು. ಮೂರರಲ್ಲಿ ಎರಡರಷ್ಟು ಅಧ್ಯಯನಗಳಲ್ಲಿ ತಿಳಿವಳಿಕೆಗೂ ಊಟಕ್ಕೂ ನಂಟು ಕಂಡಿತ್ತು, ಆದರೆ ನಂಟು ದುರ್ಬಲ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಸಹಸಂಬಂಧ 0.3 ಇದೆ ಎಂದರೆ ಜನರ ಊಟದ ವ್ಯತ್ಯಾಸದಲ್ಲಿ ನೂರಕ್ಕೆ 9ರಷ್ಟನ್ನು ಮಾತ್ರ ತಿಳಿವಳಿಕೆಯ ವ್ಯತ್ಯಾಸ ವಿವರಿಸುತ್ತದೆ. ಉಳಿದ 91ನ್ನು ಬೇರೆಡೆ ಹುಡುಕಬೇಕು: ಜೇಬಿನಲ್ಲಿ, ಗಡಿಯಾರದಲ್ಲಿ, ಬೀದಿಯಲ್ಲಿ ಏನು ಸಿಗುತ್ತದೆ ಎಂಬುದರಲ್ಲಿ, ಮನೆಯಲ್ಲಿ ಅಡುಗೆ ಯಾರ ಪಾಲಿನ ಕೆಲಸ ಎಂಬುದರಲ್ಲಿ.

ನಮ್ಮ ಅಂಕಿಅಂಶವೂ ಇದನ್ನೇ ಹೇಳುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಾಗಿ 2019ರಲ್ಲಿ ಕರ್ನಾಟಕದ ಮನೆಗಳಿಗೆ ಹೋದಾಗ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 30 ಮಂದಿ ಮಿತಿ ಮೀರಿದ ತೂಕದವರಾಗಿದ್ದರು. ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 23ರ ಆಸುಪಾಸಿನಲ್ಲಿತ್ತು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ 47.8ರಷ್ಟು ಹೆಂಗಸರಿಗೆ ರಕ್ತಹೀನತೆ ಇತ್ತು. ಈ ನಡುವಿನ ವರ್ಷಗಳಲ್ಲೇ ಮೊಬೈಲ್ ಫೋನ್ ಎಲ್ಲರ ಕೈಗೆ ಬಂದು, ಆಹಾರದ ಬಗ್ಗೆ ಹಿಂದೆಂದೂ ಇಲ್ಲದಷ್ಟು ಮಾಹಿತಿ ಹರಿದಿತ್ತು. 2022-23ರ ಕೇಂದ್ರದ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ನಗರವಾಸಿ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಹತ್ತಕ್ಕೂ ಹೆಚ್ಚು ಪಾನೀಯ, ತಿಂಡಿ, ಸಂಸ್ಕರಿತ ಆಹಾರಕ್ಕೆ ಹೋಗುತ್ತದೆ. ತರಕಾರಿಗೆ ನಾಲ್ಕೂ ಇಲ್ಲ.

ಕೊಡಗಿನಲ್ಲಿ ಈ ವಿಷಯವನ್ನು ಬೇರೆ ಕಡೆಯಿಂದ ನೋಡಬಹುದು. ಅಲ್ಲಿ ತಿಳಿವಳಿಕೆ ತಿಳಿವಳಿಕೆಯ ರೂಪದಲ್ಲಿರಲೇ ಇಲ್ಲ. ಅದು ಪಂಚಾಂಗದಲ್ಲಿತ್ತು, ಪಾತ್ರೆಗಳಲ್ಲಿತ್ತು, ನೆನೆಸುವ, ಬೇಯಿಸುವ, ಬಸಿಯುವ ಕ್ರಮದಲ್ಲಿತ್ತು.

ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಕಕ್ಕಡ ಮಾಸ. ಅರೆಭಾಷೆಯವರಿಗೆ ಅದು ಆಟಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಸುರಿಯುವ ಮಳೆಯ ದೊಡ್ಡ ಪಾಲು ಬೀಳುವ ದಿನಗಳು. ಹಿಂದೆ ಸಂತೆಗೆ ಹೋಗಲು ದಾರಿ ಇರುತ್ತಿರಲಿಲ್ಲ, ಹಿತ್ತಿಲಿನ ತರಕಾರಿ ಕೊಳೆಯುತ್ತಿತ್ತು, ಗದ್ದೆಯಲ್ಲಿ ನಾಟಿಯ ಕೆಲಸ ಮೈಮುರಿಯುವಷ್ಟು. ಆಗ ಮನೆಗೆ ಬರುತ್ತಿದ್ದುದು ಮಳೆಯೇ ಬೆಳೆಸಿದ್ದು: ಕೆಸುವಿನ ಎಲೆಯ ಕೆಂಬು ಕರಿ, ಎಳೆ ಜರಿಗಿಡದ ತೆರ್ಮೆ ತೊಪ್ಪು, ಕಾಡಿನ ಅಣಬೆಯ ಕುಮ್ಮು ಕರಿ, ಗದ್ದೆಯ ಏಡಿ, ಎಳೆ ಬಿದಿರಿನ ಬೈಂಬಳೆ ಕರಿ, ಬೇಸಿಗೆಯಲ್ಲಿ ಕೂಡಿಟ್ಟ ಹಲಸಿನ ಬೀಜ. ಇವುಗಳ ಜೊತೆಗೆ ಅಕ್ಕಿ ಒಟ್ಟಿ (ರೊಟ್ಟಿ), ಇಲ್ಲವೇ ಅನ್ನ.

ಬೈಂಬಳೆಯನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಕಣಿಲೆ, ಕಳಲೆ ಎಂದೆಲ್ಲ ಕರೆಯುವ ಈ ಬಿದಿರ ಮೊಳಕೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಪದಾರ್ಥವಿದೆ. ಮೊಳಕೆಯನ್ನು ಕತ್ತರಿಸಿದಾಗ ಜೀವಕೋಶ ಒಡೆದು, ಅದರೊಳಗಿನ ಕಿಣ್ವ ಟ್ಯಾಕ್ಸಿಫಿಲಿನ್ನಿಗೆ ತಾಗಿ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಹಸಿಯಾಗಿ ತಿಂದರೆ ವಿಷ. ಕೊಡಗಿನ ಅಡುಗೆಮನೆಯಲ್ಲಿ ಮಾಡುವುದೇನು? ಹೊರಗಿನ ಪೊರೆ ಸುಲಿದು, ತೆಳ್ಳಗೆ ಕೊಚ್ಚಿ, ನೀರಿನಲ್ಲಿ ಒಂದೆರಡು ದಿನ ನೆನೆಹಾಕುತ್ತಾರೆ. ನೀರು ಚೆಲ್ಲಿ ಮತ್ತೆ ಹೊಸ ನೀರು ಹಾಕುತ್ತಾರೆ. ಆಮೇಲೆ ಚೆನ್ನಾಗಿ ಬೇಯಿಸುತ್ತಾರೆ. ತೆಳ್ಳಗೆ ಕೊಚ್ಚಿದಷ್ಟೂ ಕಿಣ್ವಕ್ಕೆ ಕೆಲಸ ಸಲೀಸು, ಹೊರಬಂದ ಸಯನೈಡ್ ನೀರಿನಲ್ಲಿ ಕರಗಿ ಹೋಗುತ್ತದೆ, ಉಳಿದದ್ದು ಕುದಿಯುವಾಗ ಆವಿಯಾಗುತ್ತದೆ. ಟ್ಯಾಕ್ಸಿಫಿಲಿನ್ ಕೂಡ ಕುದಿತಕ್ಕೆ ನಿಲ್ಲುವುದಿಲ್ಲ. ರಸಾಯನಶಾಸ್ತ್ರದ ಒಂದಕ್ಷರ ಓದದೆ ಈ ಮೂರೂ ಹಂತಗಳನ್ನು ತಪ್ಪದೆ ಮಾಡಿದ ಅಜ್ಜಿಯರಿಗೆ ‘ಪೋಷಣೆಯ ಜ್ಞಾನ’ದ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ಅಂಕ ಎಷ್ಟು ಬರುತ್ತಿತ್ತೋ. ಅವರ ಊಟ ಮಾತ್ರ ಸರಿಯಿರುತ್ತಿತ್ತು. ಪ್ರಶ್ನೆಪತ್ರಿಕೆಗಳು ಅಳೆಯದ ದೊಡ್ಡ ವಸ್ತು ಇದು, ಕೈಗೆ ಗೊತ್ತಿರುವ ವಿದ್ಯೆ.

ಕೆಸುವಿನೆಲೆಯದ್ದೂ ಅದೇ ಕಥೆ. ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಮೊನೆಯ ಹರಳುಗಳು ಬಾಯಿ, ಗಂಟಲು ಕೆರೆಸುತ್ತವೆ. ಅದಕ್ಕೇ ಹುಳಿ ಹಾಕಿ ಹೊತ್ತು ಕೊಟ್ಟು ಬೇಯಿಸುವುದು. ಎಲೆಯ ಬೀಟಾ ಕೆರೋಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು, ಒಗ್ಗರಣೆಯ ಎಣ್ಣೆ ಅದನ್ನು ಒದಗಿಸುತ್ತದೆ.

ಕಕ್ಕಡದ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ತೊಪ್ಪಿನ ಸರದಿ. ಸಸ್ಯಶಾಸ್ತ್ರದ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ಸೊಪ್ಪನ್ನೂ ದಂಟನ್ನೂ ಕುದಿಸಿದರೆ ನೀರು ಕಡುನೇರಳೆಗೆ ತಿರುಗುತ್ತದೆ. ಅದನ್ನು ಸೋಸಿ, ಅಕ್ಕಿ, ಬೆಲ್ಲ, ತೆಂಗಿನ ಹಾಲು ಸೇರಿಸಿ ಪಾಯಸ ಮಾಡುತ್ತಾರೆ, ಇಲ್ಲವೇ ಹಬೆಯಲ್ಲಿ ಪುಟ್ಟು ಬೇಯಿಸಿ ತುಪ್ಪ, ಜೇನಿನ ಜೊತೆ ತಿನ್ನುತ್ತಾರೆ. ಮರುದಿನ ಮೂತ್ರವೂ ಕೆಂಪು ಬಣ್ಣಕ್ಕೆ ತಿರುಗುತ್ತದೆ, ಮದ್ದು ಮೈಗೆ ಹತ್ತಿದ ಗುರುತು ಎನ್ನುತ್ತಾರೆ. ಆ ದಿನ ಗಿಡದಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಎಂಬುದು ನಂಬಿಕೆ. ಪ್ರಯೋಗಾಲಯದ ಅಧ್ಯಯನಗಳು ಈ ಸೊಪ್ಪಿನ ಸಾರದಲ್ಲಿ ಉತ್ಕರ್ಷಣ ನಿರೋಧಕ ಗುಣ ಕಂಡಿವೆ. ಇಷ್ಟರಿಂದಲೇ ಅದು ಕಾಯಿಲೆ ವಾಸಿಮಾಡುತ್ತದೆ ಎನ್ನಲಾಗದು. ಗಾಜಿನ ನಳಿಕೆಯಲ್ಲಿ ಕಂಡ ಗುಣ ಮನುಷ್ಯನ ಹೊಟ್ಟೆಯಲ್ಲೂ ಕಾಣಬೇಕೆಂದಿಲ್ಲ ಎಂಬುದನ್ನು ಉಪ್ಪಾಗೆಯ ಆಮ್ಲವೇ ತೋರಿಸಿಕೊಟ್ಟಿದೆ. ಮದ್ದು ತೊಪ್ಪನ್ನು ನಾಳೆ ಯಾರಾದರೂ ಮಾತ್ರೆ ಮಾಡಿ ಮಾರಲು ಬಂದರೆ ಕೊಡಗಿನವರು ಎಚ್ಚರವಾಗಿರುವುದು ಒಳ್ಳೆಯದು. ಆ ಸೊಪ್ಪಿನ ನಿಜವಾದ ಬೆಲೆ ಬೇರೆ. ಸೊಪ್ಪು ತಿನ್ನುವುದನ್ನು ಅದು ಮನೆಮಂದಿಯೆಲ್ಲ ಕೂತು ಮಾಡುವ ಹಬ್ಬವನ್ನಾಗಿಸಿದೆ. ಯಾವ ಭಿತ್ತಿಪತ್ರಕ್ಕೂ ಸಾಧ್ಯವಾಗದ ಕೆಲಸವಿದು.

ಹಾಗೆಂದು ಹಳೆಯ ಊಟವೆಲ್ಲ ಚಿನ್ನವಾಗಿತ್ತೆಂದು ಹಾಡಿ ಹೊಗಳಬೇಕಿಲ್ಲ. ಕೊಡಗಿಗೆ ದೂರವೇನಲ್ಲದ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಯ ಸಿಖ್ಖರ ಊಟ ತಿಂದ ಇಲಿಗಳು ಚೆನ್ನಾಗಿ ಬೆಳೆದವು. ಕನ್ನಡಿಗರ ಊಟದ ಇಲಿಗಳು ಕೆಳಗಿನ ಸಾಲಿನಲ್ಲಿದ್ದವು, ಅಕ್ಕಿಯೇ ಹೆಚ್ಚಾದ ಮದರಾಸಿನ ಊಟದವು ಕೊನೆಯಲ್ಲಿ. ಬರೀ ಅಕ್ಕಿಯ ಮೇಲೆ ನಿಂತ ಊಟ ಬಡಕಲು ಎಂಬುದು ಅಂದೇ ತಿಳಿದ ಸಂಗತಿ. ಆ ಕೂನೂರಿನ ಪ್ರಯೋಗಾಲಯವೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಕೊಡಗಿನ ಊಟದಲ್ಲೂ ಅಕ್ಕಿಯದ್ದೇ ಕಾರುಬಾರು: ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಒಟ್ಟಿ, ಎಲ್ಲವೂ ಅಕ್ಕಿಯೇ. ಅದನ್ನು ಸರಿದೂಗಿಸುತ್ತಿದ್ದುದು ಸೊಪ್ಪು, ಮೊಳಕೆ, ಏಡಿ, ಮಾಂಸ ಮತ್ತು ಗದ್ದೆಯ ದುಡಿಮೆ.

ಊರು ಬಿಟ್ಟವರ ಜೊತೆ ಇದರಲ್ಲಿ ಯಾವುದು ಹೋಯಿತು, ಯಾವುದು ಹಿಂದುಳಿಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. 2011ರ ಜನಗಣತಿಯಂತೆ ಕೊಡಗಿನ ಐದೂವರೆ ಲಕ್ಷ ಜನರಲ್ಲಿ ಪಟ್ಟಣವಾಸಿಗಳು ನೂರಕ್ಕೆ 15ರಷ್ಟೂ ಇರಲಿಲ್ಲ. ಆದರೆ ಕೊಡಗಿನ ಮನೆ ಮನೆಯಿಂದಲೂ ಮೈಸೂರು, ಬೆಂಗಳೂರಿಗೆ ಹೋಗಿ ನೆಲೆಸಿದವರಿದ್ದಾರೆ. ಅಲ್ಲಿ ಅಕ್ಕಿ ಹಿಟ್ಟು ಪೊಟ್ಟಣದಲ್ಲಿ ಸಿಗುತ್ತದೆ, ಕಡಂಬುಟ್ಟಿನ ಅಕ್ಕಿ ತರಿ ಸಿಗುತ್ತದೆ, ಹಂದಿ ಮಾಂಸ ಸಿಗುತ್ತದೆ, ಊರಿನಿಂದ ಬಂದ ಕಾಚಂಪುಳಿ ಸೀಸೆ ಪ್ರತಿ ಮನೆಯಲ್ಲೂ ಇರುತ್ತದೆ. ಕೆಸುವಿನ ಎಳೆ ಎಲೆ, ತೆರ್ಮೆ ತೊಪ್ಪು, ಕುಮ್ಮು ಸಿಗುವುದಿಲ್ಲ. ಸಿಕ್ಕರೂ ಕೊಚ್ಚಿ, ನೆನೆಸಿ, ಎರಡು ದಿನ ಕಾಯುವ ಕೆಲಸ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವ ಹೆಂಗಸಿನ ಕೈಯಲ್ಲಿ ಆಗುವಂಥದ್ದಲ್ಲ. ಗಂಡಸರು ಆ ಕೆಲಸಕ್ಕೆ ಇನ್ನೂ ಹೆಚ್ಚಾಗಿ ಕೈಹಾಕಿಲ್ಲ. ಬೆಂಗಳೂರಿನ ಕೊಡಗು ಹೋಟೆಲುಗಳಲ್ಲೂ ಪಂದಿ ಕರಿ, ಕೋಳಿ ಕರಿ, ನೂಪುಟ್ಟು ತಪ್ಪದೆ ಸಿಗುತ್ತವೆ. ಸೊಪ್ಪಿನ ಪಲ್ಯ ಅಪರೂಪ.

ಹೀಗೆ ಹಬ್ಬದ ಊಟ ನಗರಕ್ಕೆ ಬಂತು, ವಾರದ ದಿನಗಳ ಊಟ ಊರಿನಲ್ಲೇ ಉಳಿಯಿತು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕಡಂಬುಟ್ಟಿನ ಜೊತೆ ಪಂದಿ ಕರಿ ತಿನ್ನುತ್ತಿದ್ದವರು ನಾಟಿ ಮುಗಿಸಿ ದಣಿದ ಮೈಯವರು. ಆಗಿನ ಮಾಂಸ ಎಷ್ಟೋ ಸಲ ಬೇಟೆಯ ಕಾಡುಹಂದಿಯದ್ದು, ಕೊಬ್ಬು ಕಡಿಮೆ. 1972ರ ವನ್ಯಜೀವಿ ಕಾಯ್ದೆಯ ಬಳಿಕ ಅಡುಗೆಗೆ ಬಂದದ್ದು ಸಾಕಿದ ಹಂದಿ, ಅದರಲ್ಲಿ ಕೊಬ್ಬು ಹೆಚ್ಚು. ಅದನ್ನು ಈಗ ವಾರಾಂತ್ಯಕ್ಕೊಮ್ಮೆ, ದಿನವಿಡೀ ಕುರ್ಚಿಯಲ್ಲಿ ಕೂತವರು ತಿನ್ನುತ್ತಾರೆ. ಕೊಬ್ಬಿನಿಂದ ಏನಾಗುತ್ತದೆ ಎಂಬುದು ಅವರಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವಲ್ಲ.

ಗೊತ್ತಿದ್ದದ್ದೇ ಸರಿಯಿಲ್ಲದಿದ್ದರೆ ಇನ್ನೊಂದು ತೊಂದರೆ. ಕೊಡಗಿನ ಬೆಲ್ಲದ ಕಾಫಿಗೆ ನಗರದಲ್ಲಿ ಹೊಸ ಮರ್ಯಾದೆ ಬಂದಿದೆ, ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ಮಾತಿನಿಂದ. ಬೆಲ್ಲದಲ್ಲಿ ಕಬ್ಬಿಣ, ಖನಿಜ ಚೂರುಪಾರು ಇರುವುದು ನಿಜ. ಶಕ್ತಿಯ ಲೆಕ್ಕದಲ್ಲಿ ಅದು ಸಕ್ಕರೆಗಿಂತ ಹೆಚ್ಚೇನೂ ಕಡಿಮೆಯಿಲ್ಲ, ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಮಧುಮೇಹಿಗಳು ಬೆಲ್ಲವೆಂದು ಎರಡು ಲೋಟ ಹೆಚ್ಚು ಕುಡಿದರೆ ಕೇಡೇ.

ಕಾಫಿಯ ನಾಡಿನಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ ಬೇರೆಯಿದೆ. ಊಟದ ಜೊತೆ ಕಾಫಿ ಕುಡಿದರೆ ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಕಾಫಿಯಲ್ಲಿನ ಪಾಲಿಫಿನಾಲ್‌ಗಳು ಕಬ್ಬಿಣಕ್ಕೆ ಅಂಟಿಕೊಳ್ಳುವುದರಿಂದ ಹೀಗಾಗುತ್ತದೆ. 1983ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮಾಂಸದ ಊಟದ ಜೊತೆ ಒಂದು ಲೋಟ ಕಾಫಿ ಕುಡಿದವರಲ್ಲಿ ಕಬ್ಬಿಣದ ಹೀರಿಕೆ ನೂರಕ್ಕೆ 39ರಷ್ಟು ಇಳಿಯಿತು, ಚಹಾ ಕುಡಿದವರಲ್ಲಿ 64ರಷ್ಟು. ಊಟವಾದ ಒಂದು ಗಂಟೆಗೆ ಕುಡಿದರೂ ಕಾಫಿಯ ಪೆಟ್ಟು ಅಷ್ಟೇ ಇತ್ತು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದಾಗ ಏನೂ ಆಗಲಿಲ್ಲ. ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇರುವ ರಾಜ್ಯದಲ್ಲಿ, ಒಟ್ಟಿಯ ಜೊತೆಗೇ ಕಾಫಿ ಹೀರುವ ಅಭ್ಯಾಸವಿರುವ ಜಿಲ್ಲೆಯಲ್ಲಿ ಇದು ಉಪಯೋಗಕ್ಕೆ ಬರುವ ತಿಳಿವಳಿಕೆ. ಇದಕ್ಕೆ ಹೊಸದೇನನ್ನೂ ಕೊಳ್ಳಬೇಕಿಲ್ಲ, ಕಾಫಿ ಬಿಡಬೇಕೆಂದೂ ಇಲ್ಲ. ಹೊತ್ತು ಬದಲಾಯಿಸಿದರಾಯಿತು. ತಟ್ಟೆಯ ಪಕ್ಕ ಒಂದು ಕಿತ್ತಳೆಯೋ ನಿಂಬೆಹೋಳೋ ಇದ್ದರೆ ಅದರ ಸಿ ಜೀವಸತ್ವ ಕಬ್ಬಿಣದ ಹೀರಿಕೆಯನ್ನು ಏರಿಸುತ್ತದೆ. ಮಾಡಲು ಸುಲಭವಾದ ಇಂಥ ತಿಳಿವಳಿಕೆ ಬೇಗ ತಟ್ಟೆಗಿಳಿಯುತ್ತದೆ.

ಕಷ್ಟದ ಬದಲಾವಣೆಗಳಿಗೆ ಸುತ್ತಲಿನ ವ್ಯವಸ್ಥೆ ಬದಲಾಗಬೇಕು. ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿನಿಸುಗಳಿಗೆ ಕೆಂಪು, ಹಳದಿ, ಹಸಿರು ಚೀಟಿ ಅಂಟಿಸಿದಾಗ ಕೆಂಪು ಚೀಟಿಯ ಪಾನೀಯಗಳ ಮಾರಾಟ ನೂರಕ್ಕೆ 16.5ರಷ್ಟು ಇಳಿಯಿತು. ಆಮೇಲೆ ನೀರಿನ ಬಾಟಲಿಗಳನ್ನು ಕಣ್ಣಿಗೆ ಬೀಳುವ, ಕೈಗೆಟುಕುವ ಜಾಗಗಳಲ್ಲಿ ಇಟ್ಟರು. ನೀರಿನ ಮಾರಾಟ 25.8ರಷ್ಟು ಏರಿತು. ಅಲ್ಲಿ ಉಂಡವರಲ್ಲಿ ವೈದ್ಯರು, ದಾದಿಯರೂ ಇದ್ದರು. ನೀರು ಒಳ್ಳೆಯದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪೊಟ್ಟಣಗಳ ಮುಂಭಾಗದಲ್ಲೇ ಕಪ್ಪು ಎಚ್ಚರಿಕೆ ಮುದ್ರೆ ಕಡ್ಡಾಯ ಮಾಡಿ, ಅಂಥವನ್ನು ಶಾಲೆಗಳಲ್ಲಿ ಮಾರದಂತೆ, ಮಕ್ಕಳಿಗೆ ಜಾಹೀರಾತು ಮಾಡದಂತೆ ತಡೆಯಿತು. ಸಕ್ಕರೆ ಹೆಚ್ಚಿರುವ ಪಾನೀಯಗಳ ಖರೀದಿ ನೂರಕ್ಕೆ ಸುಮಾರು 24ರಷ್ಟು ಬಿತ್ತು. ನಮ್ಮಲ್ಲಿ ಇಂಥ ಮುದ್ರೆಯ ಮಾತು ವರ್ಷಗಳಿಂದ ಎಳೆದಾಡುತ್ತಿರುವುದು ಬೇಸರದ ಸಂಗತಿ.

ಸಂಸ್ಕರಿತ ಆಹಾರದ ಎದುರು ಬುದ್ಧಿಯೊಂದೇ ಸಾಲದು ಎಂಬುದಕ್ಕೆ ಕೆವಿನ್ ಹಾಲ್ ಅವರ 2019ರ ಪ್ರಯೋಗವನ್ನು ನೋಡಬೇಕು. 20 ಮಂದಿಯನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲೇ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಹಜ ಆಹಾರ ಕೊಟ್ಟರು. ಮುಂದಿಟ್ಟ ತಟ್ಟೆಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮ, ಬೇಕಾದಷ್ಟು ತಿನ್ನಬಹುದಿತ್ತು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅದೇ ಜನ ದಿನಕ್ಕೆ 500 ಕ್ಯಾಲೊರಿಯಷ್ಟು ಹೆಚ್ಚು ತಿಂದರು. ಎರಡೂ ಹೊತ್ತಿನಲ್ಲಿ ಅವರ ತಿಳಿವಳಿಕೆ ಒಂದೇ, ಬದಲಾದದ್ದು ಎದುರಿಗಿದ್ದ ಆಹಾರ.

ಕರ್ನಾಟಕದ ಶಾಲೆಗಳಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಮಕ್ಕಳಿಗೆ ಪ್ರೋಟೀನಿನ ಪಾಠ ಹಿಂದಿನಿಂದಲೂ ಇತ್ತು. ತಟ್ಟೆಗೆ ಮೊಟ್ಟೆ ಬಂದದ್ದು ಇತ್ತೀಚೆಗೆ. ಮೊದಲು ವಾರಕ್ಕೆ ಎರಡು ದಿನ ಇದ್ದದ್ದು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ಆರು ದಿನಕ್ಕೆ ಏರಿತು. ಪಾಠ ಮತ್ತು ಮೊಟ್ಟೆ ಎರಡೂ ಇದ್ದಾಗಲೇ ಪಾಠಕ್ಕೆ ಅರ್ಥ.

ಕೊಡಗಿನಲ್ಲಿ ಮಾಡಬಹುದಾದದ್ದು ಬೇಕಾದಷ್ಟಿದೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಸೊಪ್ಪು, ಗೆಡ್ಡೆ ತಂದು ಮಾರುವ ಹೆಂಗಸರಿಗೆ ಮಳೆಗೆ ನೆನೆಯದ ಒಂದು ಜಾಗ, ಹಾಸ್ಟೆಲುಗಳ ಊಟದ ಪಟ್ಟಿಯಲ್ಲಿ ಮಳೆಗಾಲದಲ್ಲಾದರೂ ವಾರಕ್ಕೊಮ್ಮೆ ಕೆಂಬು ಕರಿ. ಕಾಡಿನಿಂದ ಕಣಿಲೆ ಮುರಿಯುವುದು ಅಪರಾಧ, ಆನೆಗಳ ಮೇವು ಅದು. ತೋಟದಂಚಿನಲ್ಲಿ ಬಿದಿರು ಬೆಳೆಸಿ ಮಾರಲು ಯಾರ ಅಡ್ಡಿಯೂ ಇಲ್ಲ. ಹೋಂಸ್ಟೇಗೆ ಬರುವ ಪ್ರವಾಸಿಗಳು ಪಂದಿ ಕರಿಯೊಂದನ್ನೇ ಕೇಳದೆ, ಆ ಮನೆಯವರು ಆ ವಾರ ತಮಗಾಗಿ ಏನು ಬೇಯಿಸಿಕೊಂಡಿದ್ದಾರೋ ಅದನ್ನೂ ಬಡಿಸಲು ಹೇಳಬಹುದು. ಬೆಂಗಳೂರು, ಮೈಸೂರಿನಲ್ಲಿ ನೆಲೆಸಿದ ಕೊಡಗಿನ ಮಕ್ಕಳು, ಗಂಡುಮಕ್ಕಳೂ ಸೇರಿ, ಮುಂದಿನ ಕಕ್ಕಡಕ್ಕೆ ಊರಿಗೆ ಹೋದಾಗ ಮದ್ದು ಪಾಯಸ ಉಂಡು ಬರುವುದರ ಜೊತೆಗೆ ಕೆಸುವಿನೆಲೆ ಹೆಚ್ಚುವುದನ್ನೂ ಬೈಂಬಳೆಯ ನೀರು ಬದಲಾಯಿಸುವುದನ್ನೂ ಹಿರಿಯರ ಪಕ್ಕ ನಿಂತು ಕಲಿತು ಬರಲಿ. ಹೇಳಿಕೊಡಬಲ್ಲವರು ಇನ್ನೂ ಮನೆಗಳಲ್ಲಿದ್ದಾರೆ.